ವೇಗವೊಂದೇ ಅಳತೆಯಲ್ಲ

ಕಠಿಣ ಕೃತಿಯೆಂದರೆ ವೇಗದ ಕೃತಿಯೆಂಬ ಭ್ರಮೆ ಪಿಯಾನೊ ಕಲಿಯುವವರಲ್ಲಿ ಬಲವಾಗಿದೆ. ಬೀಥೋವನ್ 1801ರಲ್ಲಿ ರಚಿಸಿದ, ‘ಮೂನ್‌ಲೈಟ್’ ಎಂದು ಹೆಸರಾದ ಸೊನಾಟಾವನ್ನೇ ನೋಡೋಣ. ಮೂರನೆಯ ಭಾಗದ ಬಿರುಗಾಳಿಯಂಥ ಓಟಕ್ಕೆ ಎಲ್ಲರೂ ಅಂಜುತ್ತಾರೆ. ನಿಧಾನಗತಿಯ ಮೊದಲ ಭಾಗವನ್ನು ಸುಲಭವೆಂದೆಣಿಸುತ್ತಾರೆ. ಆದರೆ ಅಲ್ಲಿ ಬಲಗೈಯ ಕಿರುಬೆರಳು ಹಾಡಬೇಕು; ಅದೇ ಕೈಯ ಉಳಿದ ಬೆರಳುಗಳು ಮೂರುಮೂರು ಸ್ವರಗಳ ಅಲೆಯನ್ನು ಇನ್ನಷ್ಟು ಮೆಲುವಾಗಿ ನುಡಿಸಬೇಕು.

ಆದುದರಿಂದ ಕೃತಿಯನ್ನು ಆಯುವ ಮುನ್ನ ಅದರ ಅತ್ಯಂತ ತೊಡಕಿನ ಭಾಗವನ್ನು ನಿಧಾನವಾಗಿ ನುಡಿಸಿ ನೋಡಬೇಕು. ಕೈ ಬಿಗಿದು ನೋಯುವುದಾದರೆ ಮುಂದೂಡುವುದೇ ವಿವೇಕ. ಇಲ್ಲವಾದರೆ ಕೈಗಳನ್ನು ಬೇರೆಬೇರೆಯಾಗಿ ಪಳಗಿಸಿ, ಬಳಿಕ ಜೊತೆಗೂಡಿಸಿ, ಕಡೆಯಲ್ಲಿ ವೇಗ ಹೆಚ್ಚಿಸಬೇಕು. ಚಪ್ಪಾಳೆಗಾಗಿ ಮಕ್ಕಳನ್ನು ಅವಸರಪಡಿಸಿದರೆ ತಪ್ಪುಗಳೇ ಬೆರಳುಗಳಲ್ಲಿ ಬೇರೂರುತ್ತವೆ. ಐವತ್ತು ವರ್ಷ ಬಾಳಿದ ಶಾಲೆಗೆ ತಾಳ್ಮೆಯ ಬೆಲೆಯನ್ನು ಬೇರೆ ಹೇಳಬೇಕೆ?