5 ಪೌಂಡಿನ ಜಾಗ
ಗಾಳಿ ತೆಗೆದ ಫುಟ್‌ಬಾಲನ್ನು ಮಡಚಿಟ್ಟರೆ ಒಂದು ಜೊತೆ ಚಪ್ಪಲಿಯಷ್ಟೂ ಜಾಗ ಬೇಡ. ಪಕ್ಕದಲ್ಲಿ ಪುಟ್ಟ ಪಂಪು, ಸೂಜಿ ಇಟ್ಟುಕೊಂಡರೆ, ತಲುಪಿದ ಊರಲ್ಲಿ ಅದು ಇಡೀ ಶಾಲೆ ಆಡುವ ಚೆಂಡು. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ರೆಬೆಕಾ ರಾತ್ನಿ 2010ರಲ್ಲಿ ಕಟ್ಟಿದ ‘ಪ್ಯಾಕ್ ಫಾರ್ ಎ ಪರ್ಪಸ್’ ಸಂಸ್ಥೆ ಪ್ರವಾಸಿಗರನ್ನು ಕೇಳುವುದು ಇಷ್ಟೇ: ಸೂಟ್‌ಕೇಸಿನಲ್ಲಿ 5 ಪೌಂಡಿನ, ಅಂದರೆ ಎರಡೂಕಾಲು ಕೆ.ಜಿ.ಯ ಜಾಗ. ಅಷ್ಟರಲ್ಲಿ ನೂರಾರು ಪೆನ್ಸಿಲ್ ಹಿಡಿಯುತ್ತವೆ. ಇಲ್ಲವೇ ಒಂದು ಸ್ಟೆತಾಸ್ಕೋಪು, ಬಿ.ಪಿ. ನೋಡುವ ಪಟ್ಟಿ, ಬ್ಯಾಂಡೇಜು. ನನಗೆ ಹಿಡಿಸಿದ್ದು ತೂಕದ ಲೆಕ್ಕಕ್ಕಿಂತ ಕೊಡುವ ಕ್ರಮ. ಊರಿನ ಶಾಲೆಗೆ, ಆಸ್ಪತ್ರೆಗೆ ಏನು ಬೇಕೆಂದು ಅಲ್ಲಿನ ಹೋಟೆಲು, ಲಾಡ್ಜಿನವರು ಮೊದಲೇ ತಿಳಿಸುತ್ತಾರೆ. ತಂದದ್ದನ್ನು ಅವರ ಕೈಗೊಪ್ಪಿಸಿದರೆ ಸಾಕು. ಜೀಪಿನ ಕಿಟಕಿಯಿಂದ ಪೆನ್ನು, ಮಿಠಾಯಿ ಹಂಚುವುದು ಬೇರೆಯೇ ಮಾತು. ಅಲ್ಲಿ ಗಾಡಿಯ ಹಿಂದೆ ಓಡಬಲ್ಲ ಹುಡುಗನಿಗೆ ಸಿಗುತ್ತದೆ, ತಂಗಿಯನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತವಳಿಗೆ ಸಿಗುವುದಿಲ್ಲ. ನಾಳೆ ಅವನು ಕ್ಲಾಸು ಬಿಟ್ಟು ರಸ್ತೆಬದಿಯಲ್ಲಿ ಕಾಯುತ್ತಾನೆ. ನೋಟ್‌ಬುಕ್ಕು ಆ ಊರಿನ ಅಂಗಡಿಯಲ್ಲೇ ಸಿಗುವುದಾದರೆ ಅಲ್ಲೇ ಕೊಳ್ಳುವುದು ಇನ್ನೂ ಮೇಲು, ಅಂಗಡಿಯವನಿಗೂ ನಾಲ್ಕು ಕಾಸು. ಬೆಂಗಳೂರಿನಿಂದಲೂ ಕೆನ್ಯಾದ ಸಫಾರಿಗೆ ಹೊರಡುವವರಿದ್ದಾರೆ. ಚಟ್ನಿಪುಡಿ, ಅವಲಕ್ಕಿ ಕಟ್ಟುವ ಮೊದಲು ಉಳಿದುಕೊಳ್ಳುವ ಲಾಡ್ಜಿಗೊಂದು ಇ-ಮೇಲ್ ಹಾಕಿ, ಪಕ್ಕದ ಶಾಲೆಗೆ ಏನು ಬೇಕೆಂದು ಕೇಳಿ. ಕೇಳಿದ್ದನ್ನು ಬಟ್ಟೆಯ ಚೀಲದಲ್ಲೇ ಕಟ್ಟಿ. ಕೆನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ.