ಅನುಕರಣೆಯಿಂದ ಜಾತಿ ಕರಗುತ್ತದೆಯೇ?

ಸಮಾಜಶಾಸ್ತ್ರ ಓದಿದ ಯಾರನ್ನಾದರೂ ನಡುರಾತ್ರಿ ಎಬ್ಬಿಸಿ, "ಜಾತಿ ಹೇಗೆ ಬದಲಾಗುತ್ತದೆ?" ಅಂತ ಕೇಳಿ ನೋಡಿ. ಕಣ್ಣುಜ್ಜಿಕೊಳ್ಳುತ್ತಲೇ "ಸಂಸ್ಕೃತೀಕರಣ, ಪಾಶ್ಚಾತ್ಯೀಕರಣ, ಪ್ರಬಲ ಜಾತಿ" ಎಂದು ಒಪ್ಪಿಸಿಬಿಡುತ್ತಾರೆ. ಐದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ನನ್ನ ತಕರಾರು ಇರುವುದು ಈ ಉತ್ತರ ಪರೀಕ್ಷೆಯ ಹಾಲಿನಿಂದ ಹೊರಗೆ ಬಂದ ಮೇಲೆ. ಮದುವೆ ಮನೆಯ ಪಂಕ್ತಿಯಲ್ಲೋ, ಆಫೀಸಿನ ಕ್ಯಾಂಟೀನಿನಲ್ಲೋ ಕೂತು "ಅವರೂ ಸ್ವಲ್ಪ ನಮ್ಮ ಹಾಗೆ ಬದುಕೋದು ಕಲಿತರೆ ಜಾತಿ ತಾನಾಗೇ ಹೋಗುತ್ತೆ ಬಿಡಿ" ಅನ್ನುವವರನ್ನು ನೀವೂ ಕೇಳಿರುತ್ತೀರಿ. ಸಿದ್ಧಾಂತದ ಹೆಸರು ಗೊತ್ತಿಲ್ಲದವರ ಬಾಯಲ್ಲೂ ಅದೇ ಸಿದ್ಧಾಂತ!

ಎಂ. ಎನ್. ಶ್ರೀನಿವಾಸ್ ನಮ್ಮ ಮೈಸೂರಿನವರೇ. ಕೊಡವರ ಬಗ್ಗೆ ಅವರು ಬರೆದ ಪುಸ್ತಕ 1952ರಲ್ಲಿ ಬಂತು. ಕೆಳಗಿನ ಜಾತಿಯೊಂದು ಮಾಂಸ, ಹೆಂಡ ಬಿಟ್ಟು, ಮೇಲಿನವರ ಆಚಾರ, ದೇವರುಗಳನ್ನು ತನ್ನದಾಗಿಸಿಕೊಂಡು ಒಂದೆರಡು ತಲೆಮಾರಿನಲ್ಲಿ ಏಣಿಯ ಮೇಲಿನ ಮೆಟ್ಟಿಲಿಗೆ ಹೋಗಬಹುದು ಎಂದು ಅವರು ಅದರಲ್ಲಿ ಹೇಳಿದರು. ಜಾತಿ ಅಂದರೆ ಅಲುಗದ ಬಂಡೆ ಎಂದು ನಂಬಿದ್ದವರಿಗೆ ಇದು ಹೊಸ ಮಾತು. ಅವರ ದೊಡ್ಡತನದ ಬಗ್ಗೆ ನನಗೆ ಅನುಮಾನವಿಲ್ಲ. ಇದರಿಂದ ಜಾತಿಯೊಂದರ ಸ್ಥಾನ ಬದಲಾಗಬಹುದು, ವ್ಯವಸ್ಥೆಯೇ ಬದಲಾಗುವುದಿಲ್ಲ ಎಂದು ಮುಂದೆ ಅವರೇ ಸ್ಪಷ್ಟವಾಗಿ ಬರೆದರು. ನಮ್ಮ ನೋಟ್ಸುಗಳಲ್ಲಿ ಈ ಸಾಲು ಮಾತ್ರ ಸಣ್ಣ ಅಕ್ಷರಕ್ಕಿಳಿದುಬಿಟ್ಟಿದೆ.

ಇನ್ನೊಂದು ವಿಷಯ. 1948ರಲ್ಲಿ ಅವರು 'ರಾಂಪುರ' ಎಂದು ಹೆಸರಿಟ್ಟ ಮೈಸೂರು ಸೀಮೆಯ ಊರಿಗೆ ಹೋದಾಗ ಇಳಿದುಕೊಂಡದ್ದು ಊರ ಪಟೇಲರ ಎತ್ತಿನ ಮನೆಯಲ್ಲಿ. ಪಟೇಲರ ಜಗಲಿಯಿಂದ ನೋಡಿದಾಗ ಯಾರು ಮೇಲೆ ಹತ್ತುತ್ತಿದ್ದಾರೆ ಅನ್ನುವುದು ಚೆನ್ನಾಗಿ ಕಾಣುತ್ತದೆ. ಯಾರನ್ನು ಕೆಳಗೆ ತಳ್ಳಲಾಗುತ್ತಿದೆ ಅನ್ನುವುದು ಕಾಣಬೇಕಾದರೆ ಕೇರಿಯಲ್ಲಿ ಕೂರಬೇಕು.

ಕೇರಿಯಿಂದ ನೋಡಿದವರೊಬ್ಬರು ಇದ್ದರಲ್ಲ! 1916ರ ಮೇ ತಿಂಗಳಲ್ಲಿ, ಅಂದರೆ ಶ್ರೀನಿವಾಸ್ ಹುಟ್ಟಿದ ವರ್ಷವೇ, ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದರು. ಆಗ ಅವರಿಗೆ 25 ವರ್ಷ. ಅನುಕರಣೆಯ ಮಾತು ಅಲ್ಲಿ ಆಗಲೇ ಇದೆ, ಆದರೆ ತೀರ್ಮಾನ ತಿರುಗಾಮುರುಗಾ. ಮೇಲಿನವರು ತಮ್ಮೊಳಗೇ ಮದುವೆ ಅಂತ ಬಾಗಿಲು ಹಾಕಿಕೊಂಡರು. ಅದನ್ನು ನೋಡಿ ಕೆಳಗಿನವರೂ ಹಾಕಿಕೊಂಡರು, ಉಳಿದವರ ಪಾಲಿಗೆ ಬಾಗಿಲು ತಾನಾಗಿಯೇ ಹಾಕಿಹೋಯಿತು. ಅಂದರೆ ಜಾತಿ ಹರಡಿದ್ದೇ ಅನುಕರಣೆಯಿಂದ. ರೋಗ ಹರಡಿದ ದಾರಿಯನ್ನೇ ನಾವು ಔಷಧಿ ಅಂತ ಬರೆದುಕೊಡುತ್ತಿದ್ದೇವೆ. 2011-12ರ ರಾಷ್ಟ್ರಮಟ್ಟದ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಅಂತರ್ಜಾತಿ ಮದುವೆಗಳು ನೂರಕ್ಕೆ ಸುಮಾರು ಐದು. ಜೀನ್ಸ್ ಬಂತು, ಪಿಜ್ಜಾ ಬಂತು, ಮ್ಯಾಟ್ರಿಮನಿ ವೆಬ್‌ಸೈಟೂ ಬಂತು. ಅಲ್ಲಿ ಜಾತಿ, ಉಪಜಾತಿ ಎರಡಕ್ಕೂ ಬೇರೆಬೇರೆ ಖಾನೆ!

ಸರಿ, ಸಿದ್ಧಾಂತ ಬದಿಗಿಡೋಣ. ಕೊಪ್ಪಳ ಜಿಲ್ಲೆಗೆ ಬನ್ನಿ.

2021ರ ಸೆಪ್ಟೆಂಬರ್, ಕುಷ್ಟಗಿ ತಾಲ್ಲೂಕಿನ ಮಿಯಾಪುರ. ಹುಟ್ಟುಹಬ್ಬದ ದಿನ ಅಪ್ಪ ಮಗುವನ್ನು ಹನುಮಪ್ಪನ ಗುಡಿಗೆ ಕರೆದುಕೊಂಡು ಹೋಗಿ ಹೊರಗೇ ನಿಂತು ಕೈಮುಗಿಯುತ್ತಿದ್ದಾಗ, ಪುಟ್ಟ ಮಗು ಒಳಗೆ ಓಡಿತು. ದಲಿತರ ಮಗು. ಶುದ್ಧೀಕರಣದ ಖರ್ಚು ಅಂತ ₹25,000 ದಂಡ ಕೇಳಿದರು ಎಂದು ಪತ್ರಿಕೆಗಳಲ್ಲಿ ಬಂತು. ದೇವರಿಗೆ ಕೈಮುಗಿಯುವುದಕ್ಕಿಂತ ದೊಡ್ಡ ಸಂಸ್ಕೃತೀಕರಣ ಯಾವುದಿದೆ ಸ್ವಾಮಿ? ಸಿಕ್ಕಿದ್ದು ಮೇಲಿನ ಮೆಟ್ಟಿಲಲ್ಲ, ದಂಡದ ಲೆಕ್ಕ.

ಅದೇ ಜಿಲ್ಲೆಯ ಮರಕುಂಬಿ, 2014ರ ಆಗಸ್ಟ್. ಕ್ಷೌರದಂಗಡಿಗೆ, ಹೋಟೆಲಿಗೆ ದಲಿತರನ್ನು ಬಿಡದಿರುವುದನ್ನು ಪ್ರಶ್ನಿಸಿದ್ದರ ಹಿಂದೆಯೇ ಬಂದದ್ದು ಹಲ್ಲೆ, ಗುಡಿಸಲುಗಳಿಗೆ ಬೆಂಕಿ. 2024ರ ಅಕ್ಟೋಬರಿನಲ್ಲಿ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಅವರಲ್ಲಿ ಬಹುಪಾಲು ಜನಕ್ಕೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಇಲ್ಲಿ ಯಾರೂ ಜನಿವಾರ ಕೇಳಿರಲಿಲ್ಲ. ಕೇಳಿದ್ದು ಕೂದಲು ಕತ್ತರಿಸಿ, ಚಹಾ ಕೊಡಿ ಅಂತ. ನಮ್ಮ ಹಾಗೆ ಬದುಕಲಿ ಅನ್ನುವವರು, ಹಾಗೆ ಬದುಕಲು ಹೊರಟವರಿಗೆ ಏನಾಗುತ್ತದೆ ಅನ್ನುವುದನ್ನೂ ಹೇಳಬೇಕಲ್ಲವೇ?

"ಹಾಗಾದರೆ ಏನೂ ಬದಲಾಗಿಲ್ಲವೇ?" ಅಂತ ನೀವು ಕೇಳಬಹುದು. ಬದಲಾಗಿದೆ. ಯಾವುದರಿಂದ ಬದಲಾಯಿತು ಅನ್ನುವುದೇ ಪ್ರಶ್ನೆ. 1901ರ ಜನಗಣತಿಯಲ್ಲಿ ಬ್ರಿಟಿಷರು ಜಾತಿಗಳಿಗೆ ಮೇಲುಕೀಳಿನ ಸಾಲು ಹಚ್ಚಲು ಹೊರಟಾಗ ನಾವು ಕ್ಷತ್ರಿಯರು, ನಾವು ವೈಶ್ಯರು ಎಂದು ದೇಶದ ತುಂಬ ಅರ್ಜಿಗಳು ಬಂದವು. ಅದರಿಂದ ಹೊಟ್ಟೆ ತುಂಬಲಿಲ್ಲ. ಮೈಸೂರಿನಲ್ಲಿ ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದ್ದರಿಂದ, 1972ರಲ್ಲಿ ನೇಮಕವಾದ ಹಾವನೂರು ಆಯೋಗದಿಂದ ಓದು, ನೌಕರಿಯ ಬಾಗಿಲು ತೆರೆಯಿತು. ದೇವರಾಜ ಅರಸರ 1974ರ ಭೂಸುಧಾರಣೆಯಲ್ಲಿ 'ಉಳುವವನೇ ಹೊಲದೊಡೆಯ' ಎಂದು ಗೇಣಿದಾರರು ಫಾರಂ 7 ತುಂಬಿದರು, ಎಷ್ಟೋ ಮನೆಗಳ ಹಣೆಬರಹ ಬದಲಾಯಿತು. ಮಂತ್ರ ಕಲಿತದ್ದರಿಂದಲ್ಲ, ಪಹಣಿಯಲ್ಲಿ ಹೆಸರು ಬಂದದ್ದರಿಂದ.

ಇಲ್ಲೂ ಒಂದು ಪಾಠವಿದೆ. ಹೊಲ ಸಿಕ್ಕಿದ್ದು ಗೇಣಿ ಮಾಡುತ್ತಿದ್ದವರಿಗೆ. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರು ಯಾವ ಫಾರಂ ತುಂಬಬೇಕಿತ್ತು? ಆ ಕೂಲಿಗಳಲ್ಲಿ ದಲಿತರೇ ಹೆಚ್ಚು. ಸರ್ಕಾರ ಅವರಿಗೆ ಮಂಜೂರು ಮಾಡಿದ ಚೂರುಪಾರು ಜಮೀನನ್ನೂ ಉಳ್ಳವರು ಬರೆಸಿಕೊಳ್ಳುತ್ತಿದ್ದರು ಅಂತಲೇ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತರಬೇಕಾಯಿತು. ಜಮೀನು, ಸಂಖ್ಯೆ, ಅಧಿಕಾರ ಇದ್ದವರನ್ನು 'ಪ್ರಬಲ ಜಾತಿ' ಎಂದು ಕರೆದವರೂ ಶ್ರೀನಿವಾಸರೇ. ಅವರ ಈ ಮಾತು ಸಂಸ್ಕೃತೀಕರಣಕ್ಕಿಂತ ನಮಗೆ ಹೆಚ್ಚು ಉಪಯೋಗದ್ದು. ಯಾಕೆಂದರೆ ಅದು ನೋಡುವುದು ಊಟದ ತಟ್ಟೆಯನ್ನಲ್ಲ, ಹೊಲವನ್ನು.

ಆದ್ದರಿಂದ ನಮ್ಮ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. 'ಸಂಸ್ಕೃತೀಕರಣ ಎಂದರೇನು?' ಅನ್ನುವ ಪ್ರಶ್ನೆಗೆ ಸ್ವಲ್ಪ ರಜೆ ಕೊಡಿ. ಮಕ್ಕಳನ್ನು ಅವರವರ ಊರಿಗೇ ಕಳಿಸಿ ಮೂರು ಪ್ರಶ್ನೆ ಕೇಳಿ. ಹೊಲ ಯಾರ ಹೆಸರಿನಲ್ಲಿದೆ? ಹೋಟೆಲಿನಲ್ಲಿ ಎಲ್ಲರಿಗೂ ಒಂದೇ ಲೋಟವೇ? ಕಳೆದ ಹತ್ತು ವರ್ಷದಲ್ಲಿ ಜಾತಿ ಮೀರಿ ಎಷ್ಟು ಮದುವೆಯಾಗಿವೆ, ಆದವರು ಊರಲ್ಲೇ ಇದ್ದಾರೆಯೇ?

ಕೆಳಗಿನವರು ಎಷ್ಟು ಬದಲಾದರು ಅಂತ ಅಳೆದದ್ದು ಸಾಕು. ಮೇಲೆ ಕೂತವರು ಎಷ್ಟು ಬದಲಾಗಿದ್ದೇವೆ ಅಂತ ಅಳೆಯುವ ಸಿದ್ಧಾಂತ ಈಗ ಬೇಕು. ಏನಂತೀರಿ?