ಸರಕಿಗೆ ಹೆದ್ದಾರಿ, ಮನುಷ್ಯನಿಗೆ ಉಕ್ಕಡ

ಆಫ್ರಿಕ ಖಂಡದ ಅತಿ ದೊಡ್ಡ ಶ್ರೀಮಂತರೆಂದು ಹೆಸರಾದವರು ನೈಜೀರಿಯದ ಸಿಮೆಂಟು ಧಣಿ ಅಲಿಕೊ ಡಾಂಗೋಟೆ. 2024ರಲ್ಲಿ ರುವಾಂಡದ ರಾಜಧಾನಿ ಕಿಗಾಲಿಯಲ್ಲಿ ಸೇರಿದ್ದ ಉದ್ಯಮಪತಿಗಳ ಸಭೆಯಲ್ಲಿ ಅವರು ತಮ್ಮ ಕಷ್ಟ ತೋಡಿಕೊಂಡರು. ತಮ್ಮದೇ ಖಂಡದೊಳಗೆ ತಿರುಗಾಡಲು ತಮಗೆ 35 ವೀಸಾ ಬೇಕು, ಫ್ರೆಂಚ್ ರಹದಾರಿ ಇಟ್ಟುಕೊಂಡವನಿಗೆ ಅಷ್ಟು ಬೇಕಿಲ್ಲ ಎಂದರು. ಕೋಟ್ಯಧೀಶರ ಕಣ್ಣೀರಿಗೆ ಕರಗುವ ಅಭ್ಯಾಸ ನಮಗಿಲ್ಲ. ಅವರ ಅರ್ಜಿ ಬರೆಯಲು ಗುಮಾಸ್ತರುಂಟು, ಹೊತ್ತು ತಿರುಗಲು ಆಳುಗಳುಂಟು. ಆದರೆ ಧಣಿಗೇ ಈ ಗತಿಯಾದರೆ ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತ ಹೆಂಗಸಿನ ಪಾಡೇನು?

ಈ ಗಡಿಗಳು ಯಾರು ಎಳೆದವು? 1884ರ ನವೆಂಬರಿನಿಂದ 1885ರ ಫೆಬ್ರವರಿಯವರೆಗೆ ಬರ್ಲಿನ್ ನಗರದಲ್ಲಿ ಹದಿನಾಲ್ಕು ರಾಜ್ಯಗಳ ಪ್ರತಿನಿಧಿಗಳು ಕುಳಿತು ಆಫ್ರಿಕವನ್ನು ಹಂಚಿಕೊಳ್ಳುವ ನಿಯಮ ಮಾಡಿದರು. ಆ ಮೇಜಿನ ಸುತ್ತ ಆಫ್ರಿಕದವನೊಬ್ಬನಿಗೂ ಕುರ್ಚಿ ಇರಲಿಲ್ಲ. ಎಲ್ಲ ಗೆರೆಗಳೂ ಅಲ್ಲೇ ಬಿದ್ದವೆಂದಲ್ಲ. ಕಳ್ಳರು ಮೊದಲು ಪಾಲಿನ ಲೆಕ್ಕ ಮಾಡಿಕೊಂಡರು, ಗೆರೆ ಆಮೇಲೆ ಬಂತು. ಟೋಗೊ ದೇಶದ ರಾಜಧಾನಿ ಲೋಮೆ ನಗರ ಘಾನಾದ ಗಡಿಗೆ ಒತ್ತಿಕೊಂಡೇ ಬೆಳೆದಿದೆ. ಬೀದಿ ಮುಗಿದಲ್ಲಿ ಬಾಗಿಲು, ಬಾಗಿಲಾಚೆ ಘಾನಾದ ಅಫ್ಲಾವೊ. ಎರಡೂ ಕಡೆ ಇರುವವರು ಎವೆ ಜನ, ಆಡುವುದು ಒಂದೇ ಭಾಷೆ. ಜರ್ಮನರ ವಸಾಹತನ್ನು ಮೊದಲ ಮಹಾಯುದ್ಧದ ನಂತರ ಇಂಗ್ಲಿಷರೂ ಫ್ರೆಂಚರೂ ಸೀಳಿಕೊಂಡರು. ಇಂದು ಅತ್ತೆಯ ಮನೆ ಒಂದು ದೇಶ, ತವರು ಇನ್ನೊಂದು ದೇಶ. ಲೋಮೆಯ ಪೇಟೆಯಲ್ಲಿ ಹಿಂದೆ ಅಚ್ಚಿನ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಹೆಂಗಸರು ಎಷ್ಟು ಗಟ್ಟಿಗರೆಂದರೆ, ಅವರು ಕೊಂಡ ಕಾರಿನ ಹೆಸರೇ ಅವರಿಗೆ ಅಂಟಿ 'ನಾನಾ ಬೆಂಜ್' ಎನಿಸಿಕೊಂಡರು. 2020ರಲ್ಲಿ ಕೊರೋನಾದ ಹೆಸರಿನಲ್ಲಿ ಈ ಬಾಗಿಲು ಮುಚ್ಚಿತು. ವಿಮಾನದಲ್ಲಿ ಬರುವವರಿಗೆ ಬೇಗನೆ ದಾರಿಯಾಯಿತು. ನಡೆದು ಬರುವವರು 2022ರವರೆಗೆ ಕಾದರು.

ಪಶ್ಚಿಮ ಆಫ್ರಿಕದ ರಾಷ್ಟ್ರಕೂಟ ಒಂದು ಒಳ್ಳೆಯ ಕೆಲಸ ಮಾಡಿತೆಂಬುದನ್ನು ಒಪ್ಪುತ್ತೇವೆ. 1979ರ ಅದರ ಒಪ್ಪಂದದ ಪ್ರಕಾರ ಸದಸ್ಯ ದೇಶದ ಪ್ರಜೆ ವೀಸಾ ಇಲ್ಲದೆ 90 ದಿನ ಇನ್ನೊಂದು ದೇಶದಲ್ಲಿರಬಹುದು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡನಲ್ಲ! ಹೆದ್ದಾರಿಯ ಉದ್ದಕ್ಕೂ ಉಕ್ಕಡಗಳು, ಉಕ್ಕಡಕ್ಕೊಂದು ಮಾಮೂಲು. ಕಾಗದ ಸರಿಯಿದ್ದರೂ ಕೈ ಬಿಚ್ಚಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಯಾರಿಗೆ ಏನು ಸಿಕ್ಕಿದೆ?

ಆ ಕೂಟದ ಹೊರಗೆ ಹೋಗಬೇಕಾದರಂತೂ ಪ್ರಯಾಣದ ಸಿದ್ಧತೆಯೇ ಒಂದು ಉದ್ಯೋಗ. ಇನ್ನೂ ಆರು ತಿಂಗಳಾದರೂ ಅವಧಿಯಿರುವ ರಹದಾರಿ ಬೇಕು. ಆ ದೇಶದವರೊಬ್ಬರ ಆಹ್ವಾನಪತ್ರ ಬೇಕು. ಹಿಂದಿರುಗುವ ಟಿಕೆಟ್ಟು, ಇಳಿದುಕೊಳ್ಳುವ ಹೋಟೆಲಿನ ರಸೀದಿ ಬೇಕು. ರಾಯಭಾರಿ ಕಚೇರಿ ಇರುವುದು ರಾಜಧಾನಿಯಲ್ಲಿ. ಅಲ್ಲಿಗೆ ಹೋಗಿಬರುವ ಬಸ್ಸಿನ ಖರ್ಚು ಬೇರೆ. ಹಳದಿಜ್ವರದ ಸೂಜಿಮದ್ದನ್ನು ಹೊರಡುವುದಕ್ಕೆ ಹತ್ತು ದಿನ ಮುಂಚೆ ಚುಚ್ಚಿಸಿಕೊಂಡು ಹಳದಿ ಚೀಟಿ ಪಡೆಯಬೇಕು. ಇದಕ್ಕೆ ನಮ್ಮ ತಕರಾರಿಲ್ಲ, ಅದು ಪ್ರಾಣದ ಪ್ರಶ್ನೆ. 2016ರ ಜುಲೈಯಿಂದ ಆ ಚೀಟಿ ಜೀವಮಾನಪೂರ್ತಿ ನಡೆಯುತ್ತದೆ. ಮೊದಲಿನ ಹಾಗೆ ಹತ್ತು ವರ್ಷಕ್ಕೊಮ್ಮೆ ಚುಚ್ಚಿಸಿಕೊಳ್ಳಬೇಕಿಲ್ಲ. ನಮ್ಮ ತಕರಾರು ಬ್ಯಾಂಕಿನ ಲೆಕ್ಕಪತ್ರದ ಮೇಲೆ. ಸಣ್ಣ ವ್ಯಾಪಾರಿಯ ಬಂಡವಾಳ ಎಲ್ಲಿರುತ್ತದೆಂಬುದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಅದು ಅಂಗಡಿಯ ಸರಕಿನಲ್ಲಿರುತ್ತದೆ, ಗಿರಾಕಿಯ ಉದ್ದರಿಯಲ್ಲಿರುತ್ತದೆ. ಬ್ಯಾಂಕಿನಲ್ಲಿ ಸುಮ್ಮನೆ ಕೊಳೆಯುವ ಹಣ ತೋರಿಸೆಂದರೆ ಅದು ಬಡವನನ್ನು ಬಾಗಿಲಲ್ಲೇ ತಡೆಯುವ ಉಪಾಯವಲ್ಲದೆ ಮತ್ತೇನು? 2016ರಲ್ಲಿ ಆಫ್ರಿಕದ ಅಭಿವೃದ್ಧಿ ಬ್ಯಾಂಕು ಹಾಕಿದ ಲೆಕ್ಕದಲ್ಲಿ ಆಫ್ರಿಕದ ಪ್ರಜೆಗೆ ಖಂಡದ ನೂರಕ್ಕೆ 55 ದೇಶಗಳಿಗೆ ಹೊರಡುವ ಮುಂಚೆಯೇ ವೀಸಾ ಬೇಕಾಗಿತ್ತು. ಅಲ್ಲಿಂದೀಚೆಗೆ ಸ್ಥಿತಿ ಕೊಂಚ ಸುಧಾರಿಸಿದೆ. ಬೆನಿನ್, ಗಾಂಬಿಯ, ಸೇಶೆಲ್ಸ್, ರುವಾಂಡ ದೇಶಗಳು ಆಫ್ರಿಕದವರೆಲ್ಲರಿಗೂ ವೀಸಾ ತೆಗೆದುಹಾಕಿವೆ. ಕೆನ್ಯಾ 2024ರ ಜನವರಿಯಲ್ಲಿ ವೀಸಾ ರದ್ದೆಂದು ಸಾರಿತು. ಅದೇ ಉಸಿರಿನಲ್ಲಿ 'ಪ್ರಯಾಣದ ಅನುಮತಿ' ಎಂದು ಹೆಸರಿಟ್ಟು 30 ಡಾಲರು ಕೇಳಿತು. ಗಲಾಟೆಯಾದ ಮೇಲೆ 2025ರಲ್ಲಿ ಆಫ್ರಿಕದ ಬಹುಪಾಲು ದೇಶದವರಿಗೆ ಅದನ್ನು ಬಿಟ್ಟಿತು.

2018ರಲ್ಲಿ ಆಫ್ರಿಕ ಒಕ್ಕೂಟ ಎರಡು ಒಪ್ಪಂದಗಳನ್ನು ಮಾಡಿತು. ಒಂದು ಸರಕುಗಳ ಮುಕ್ತ ವ್ಯಾಪಾರಕ್ಕೆ, ಇನ್ನೊಂದು ಮನುಷ್ಯರ ಮುಕ್ತ ಸಂಚಾರಕ್ಕೆ. ಸರಕಿನ ಒಪ್ಪಂದ ಮರುವರ್ಷವೇ ಜಾರಿಗೆ ಬಂತು, 2021ರ ಜನವರಿ 1ರಿಂದ ವ್ಯಾಪಾರ ಸುರುವಾಯಿತು. ಮನುಷ್ಯರ ಒಪ್ಪಂದಕ್ಕೆ ಮೂವತ್ತಕ್ಕೂ ಹೆಚ್ಚು ದೇಶಗಳು ರುಜು ಹಾಕಿದವು. ಜಾರಿಗೆ ಬರಲು ಹದಿನೈದು ದೇಶಗಳ ಸ್ಥಿರೀಕರಣ ಸಾಕು. ಆರು ವರ್ಷ ಕಳೆದರೂ ಸ್ಥಿರೀಕರಿಸಿದವು ನಾಲ್ಕೇ. ಸಿಮೆಂಟಿನ ಮೂಟೆ ಗಡಿ ದಾಟಬಹುದು, ಮೂಟೆ ಹೊರುವವನು ದಾಟಕೂಡದು!

ಇದಕ್ಕೆ ಉತ್ತರವಾಗಿ, ಬಾಗಿಲು ತೆರೆದರೆ ಹೊರಗಿನವರು ಬಂದು ನಮ್ಮ ಕೆಲಸ ಕಸಿಯುತ್ತಾರೆ ಎಂಬ ಮಾತಿದೆ. ಇದನ್ನು ಆಡುವವರು ಕೇವಲ ಮಂತ್ರಿಗಳಲ್ಲ, ದುಡಿಯುವವರೂ ಆಡುತ್ತಾರೆ. ಆದ್ದರಿಂದ ಇದನ್ನು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಘಾನಾ 1969ರಲ್ಲಿ ಕಾಗದವಿಲ್ಲದ ಪರದೇಶೀಯರನ್ನು ಹೊರಗಟ್ಟಿತು. ಅವರಲ್ಲಿ ನೈಜೀರಿಯದವರು ಬಹಳ. 1983ರಲ್ಲಿ ಎಣ್ಣೆಯ ಬೆಲೆ ಕುಸಿದು ಕೈ ಖಾಲಿಯಾದಾಗ ನೈಜೀರಿಯ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಓಡಿಸಿತು. ಅವರಲ್ಲಿ ಘಾನಾದವರು ಬಹಳ. ಅವರು ಬಟ್ಟೆಬರೆ ತುಂಬಿಕೊಂಡು ಹೊರಟ ಚೌಕಳಿಯ ಅಗ್ಗದ ಚೀಲಕ್ಕೆ ಇಂದಿಗೂ ಅಲ್ಲಿ 'ಘಾನಾ ಮಸ್ಟ್ ಗೋ' ಎಂದೇ ಹೆಸರು, ಘಾನಾದವರು ತೊಲಗಲಿ ಎಂದರ್ಥ. ಓಡಿಸಿದ್ದರಿಂದ ಯಾವ ದೇಶದ ಕೂಲಿಗಾರನ ಮಜೂರಿ ಏರಿತು? ದಕ್ಷಿಣ ಆಫ್ರಿಕದಲ್ಲಿ 2008ರಲ್ಲಿ ಹೊರಗಿನವರ ಮೇಲೆ ನಡೆದ ದೊಂಬಿಯಲ್ಲಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಅದೇ ದೇಶದ ಚಿನ್ನದ ಗಣಿಗಳಿಗೆ ಮೊಜಾಂಬಿಕ್, ಮಲಾವಿಗಳಿಂದ ಆಳುಗಳನ್ನು ಕರಾರಿನ ಮೇಲೆ ತರಲು ಗಣಿಧಣಿಗಳು ಸಂಸ್ಥೆಯನ್ನೇ ಕಟ್ಟಿದ್ದರು. ಧಣಿಗೆ ಆಳು ಬೇಕಾದಾಗ ಗಡಿ ಎಂದೂ ಅಡ್ಡ ಬಂದಿಲ್ಲ. ಅಡ್ಡ ಬರುವುದು ಆಳು ತಾನಾಗಿ ನಡೆದು ಬಂದಾಗ. ಅಲ್ಲೇ 1913ರ ನವೆಂಬರಿನಲ್ಲಿ ನಮ್ಮ ದೇಶದಿಂದ ಹೋದ ಕೂಲಿಗಳು, 2,037 ಗಂಡಸರು, 127 ಹೆಂಗಸರು, 57 ಮಕ್ಕಳು, ಗಾಂಧಿಯವರ ಜೊತೆ ಪರವಾನಗಿಯಿಲ್ಲದೆ ಟ್ರಾನ್ಸ್‌ವಾಲಿನ ಗಡಿ ದಾಟಿ ನಡೆದರು. ಕಾಗದವಿಲ್ಲದ ಕೂಲಿಗಾರ ಕಡಿಮೆ ಮಜೂರಿಗೆ ದುಡಿಯುತ್ತಾನೆ, ಏಕೆಂದರೆ ಬಾಯಿ ತೆರೆದರೆ ಪೊಲೀಸರು ಬರುತ್ತಾರೆ. ಸ್ಥಳೀಕನ ಮಜೂರಿಯನ್ನು ಇಳಿಸುವುದು ಈ ಭಯವೇ. ಅವನ ಕೈಗೆ ಕಾಗದ ಕೊಟ್ಟು ಸಂಘಕ್ಕೆ ಸೇರಿಸಿಕೊಂಡರೆ ಧಣಿಗೆ ಅಗ್ಗದ ಆಳು ಸಿಗುವುದಿಲ್ಲ.

ಒಕ್ಕೂಟದವರು 2016ರಲ್ಲಿ 'ಆಫ್ರಿಕದ ರಹದಾರಿ' ಎಂದು ಒಂದನ್ನು ಅಚ್ಚುಹಾಕಿಸಿ ಮೊದಲ ಪ್ರತಿಗಳನ್ನು ಇಬ್ಬರು ಅಧ್ಯಕ್ಷರಿಗೆ ಕೊಟ್ಟರು. ಯಾವ ಗಡಿಯಲ್ಲೂ ಸಾಲಿನಲ್ಲಿ ನಿಂತು ಗೊತ್ತಿಲ್ಲದ ಮಹನೀಯರು! ಇದಕ್ಕಿಂತ ಕೆನ್ಯಾ, ಉಗಾಂಡ, ರುವಾಂಡ ಮೂರೂ 2014ರಲ್ಲಿ ಮಾಡಿದ್ದು ಮೇಲು. ಅವುಗಳ ಪ್ರಜೆಗಳು ತಮ್ಮ ದೇಶದ ಗುರುತಿನ ಚೀಟಿ ತೋರಿಸಿ ಪರಸ್ಪರರ ಗಡಿ ದಾಟುತ್ತಾರೆ. ಉಳಿದ ದೇಶಗಳೂ ಮೊದಲು ಅಷ್ಟನ್ನಾದರೂ ಮಾಡಲಿ. ಪ್ರತಿ ಉಕ್ಕಡದಲ್ಲೂ ಯಾವುದಕ್ಕೆ ಎಷ್ಟು ಶುಲ್ಕವೆಂದು ದಾಟುವ ಜನರ ಭಾಷೆಯಲ್ಲಿ ಹಲಗೆ ಬರೆದು ತೂಗುಹಾಕಲಿ, ಕೊಟ್ಟ ಪ್ರತಿ ಕಾಸಿಗೂ ರಸೀದಿ ಹರಿಯಲಿ.